ಮಲಗುವ ಕೋಣೆಯಲ್ಲಿ ಗಿಡ ಇಡಬಹುದೇ?

“ಹಕೀಮ್ ಸಾಹೇಬ್ರ, ರಾತ್ರಿ ಗಿಡ ವಿಷಗಾಳಿ ಬಿಡ್ತೈತಂತ. ನನ್ನ ಮಗನ ಕೆಮ್ಮಿಗೆ ಅದ ಕಾರಣ ಇರಬಹುದೇನ್ರಿ?” ಮಳೆಗಾಲದಲ್ಲಿ ಖಾನಾಪುರದಿಂದ ಬಂದ ತಾಯಿಯೊಬ್ಬರು ಕೇಳಿದರು. ಇದಕ್ಕೆ ತದ್ವಿರುದ್ಧವಾಗಿ, ಗಾಳಿ ಶುದ್ಧವಾಗಲೆಂದು ಮಂಚದ ಸುತ್ತ ಕುಂಡಗಳನ್ನು ಜೋಡಿಸಿಟ್ಟವರು ಬೆಳಗಾವಿಯಲ್ಲಿದ್ದಾರೆ. ಆ ಭಯವೂ ಸರಿಯಲ್ಲ, ಈ ಭರವಸೆಯೂ ಸರಿಯಲ್ಲ.

ಗಿಡ ಹಗಲಿನ ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿ ಆಮ್ಲಜನಕ ಬಿಡುತ್ತದೆ. ಕತ್ತಲಲ್ಲಿ ಅದೂ ನಮ್ಮಂತೆ ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆದರೆ ಆ ಪ್ರಮಾಣ ಪಕ್ಕದಲ್ಲಿ ಮಲಗಿದ ಮನುಷ್ಯ ಬಿಡುವುದಕ್ಕಿಂತ ಬಹಳ ಕಡಿಮೆ. ನಾಲ್ವರು ಒಂದೇ ಕೋಣೆಯಲ್ಲಿ ಮಲಗುವವರು ಒಂದು ಕುಂಡಕ್ಕೆ ಹೆದರಬೇಕಿಲ್ಲ.

ಗಿಡ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂಬ ಮಾತು ಹರಡಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ನಮ್ಮ ಮನೆಗಳು ಹಾಗಿಲ್ಲ. ಸಹಜವಾಗಿ ಬಂದುಹೋಗುವ ಗಾಳಿ ಮಾಡುವ ಕೆಲಸವನ್ನು ಗಿಡಗಳೇ ಮಾಡಬೇಕಾದರೆ, ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕೆಂದು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಲೆಕ್ಕ ಹಾಕಿದರು.

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅತ್ಯಗತ್ಯವಾದ ಆರು ಸಂಗತಿಗಳಿವೆ. ಅವನ್ನು ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ಹವಾ, ಅಂದರೆ ಗಾಳಿ. ಆ ತಾಯಿಯನ್ನು ವಿಚಾರಿಸಿದಾಗ ತಿಳಿಯಿತು: ಮಳೆ ಹಿಡಿದಾಗಿನಿಂದ ಕಿಟಕಿ ತೆರೆದಿಲ್ಲ, ಒದ್ದೆ ಬಟ್ಟೆ ಕೋಣೆಯಲ್ಲೇ ಒಣಗುತ್ತವೆ, ಗೋಡೆಗೆ ಬೂಷ್ಟು ಹಿಡಿದಿದೆ, ರಾತ್ರಿಯಿಡೀ ಸೊಳ್ಳೆಬತ್ತಿ ಹೊಗೆಯಾಡುತ್ತದೆ. ಮಗುವಿನ ಕೆಮ್ಮಿಗೆ ಇಷ್ಟು ಸಾಕು. ಕಿಟಕಿ ತೆರೆದು, ಬತ್ತಿಯ ಬದಲು ಪರದೆ ಕಟ್ಟಲು ಹೇಳಿದೆ.

ಮುಚ್ಚಿದ ಕೋಣೆಯ ಬೆಂಕಿ ಇನ್ನೂ ಅಪಾಯಕಾರಿ. 2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆಂದು ಇದ್ದಲಿನ ಬೆಂಕಿ ಹಾಕಿಕೊಂಡು ಮಲಗಿದ ಮೂವರು ಯುವಕರು ಉಸಿರುಗಟ್ಟಿ ತೀರಿಕೊಂಡರು. ಇದ್ದಲು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಮಲಗುವ ಮುನ್ನ ಬೆಂಕಿ ಆರಿಸಬೇಕೆಂದು ಪ್ರವಾದಿ(ಸ)ರು ಕಲಿಸಿದ್ದು ನಮಗೆಲ್ಲ ಗೊತ್ತು. ಪಾಲಿಸುವುದು ಬಾಕಿ ಇದೆ.

ಗಿಡ ಇಡುವವರು ಗಮನಿಸಿ:

• ಕೋಣೆಗೆ ಒಂದೆರಡು ಕುಂಡ ಸಾಕು. ಮಣ್ಣು ಸದಾ ಒದ್ದೆಯಾಗಿದ್ದರೆ ಬೂಷ್ಟು ಬೆಳೆಯುತ್ತದೆ. ದಮ್ಮು, ಅಲರ್ಜಿ ಇರುವವರು ಕುಂಡವನ್ನು ವರಾಂಡದಲ್ಲಿಡಿ.

• ಮನಿ ಪ್ಲಾಂಟ್ ಬಾಟಲಿ, ಕುಂಡದ ಕೆಳಗಿನ ತಟ್ಟೆಗಳಲ್ಲಿ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ಒಳಬದಿ ಉಜ್ಜಿ ತೊಳೆಯಿರಿ. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ.

• ಡೈಫನ್‌ಬೇಕಿಯಾ ಎಲೆ ಅಗಿದರೆ ನಾಲಿಗೆ, ಗಂಟಲು ಉರಿದು ಊದಿಕೊಳ್ಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಅದು ಬೇಡ.

• ಫಜ್ರ್ ನಮಾಝಿನ ನಂತರ ಎದುರುಬದುರಿನ ಕಿಟಕಿ, ಬಾಗಿಲುಗಳನ್ನು ಅರ್ಧ ಗಂಟೆಯಾದರೂ ತೆರೆದಿಡಿ. ಮಲಗುವಾಗಲೂ ಸ್ವಲ್ಪ ಗಾಳಿಗೆ ದಾರಿ ಇರಲಿ.

ಗಿಡ ನೆಟ್ಟವನಿಗೆ, ಅದರಿಂದ ಹಕ್ಕಿ ತಿಂದರೂ ಸದಖಾದ ಪುಣ್ಯವಿದೆ ಎಂಬುದು ನಮ್ಮ ಪ್ರವಾದಿ(ಸ)ರ ಬೋಧನೆ. ಆದ್ದರಿಂದ ಗಿಡ ಬೆಳೆಸಿ, ಕಣ್ಣಿಗೂ ಮನಸ್ಸಿಗೂ ಹಿತ. ಉಸಿರಿಗೆ ಮಾತ್ರ ಕಿಟಕಿ ತೆರೆಯಿರಿ.