ವಸಡಿನ ರೋಗ: ಬೇಲಿಯೇ ಹೊಲ ಮೇಯ್ದಾಗ

ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬಂದರೆ ಆ ಭಾಗವನ್ನು ಮುಟ್ಟದೆ ಬಿಡುವುದು ಅನೇಕರ ರೂಢಿ. ನೋವಿಲ್ಲವೆಂದು ವರ್ಷಗಟ್ಟಲೆ ಉಪೇಕ್ಷಿಸಿ, ಹಲ್ಲು ಅಲುಗಾಡತೊಡಗಿದ ಮೇಲೆ ವೈದ್ಯರ ಬಳಿಗೆ ಬರುತ್ತಾರೆ. ಅಷ್ಟರಲ್ಲಿ ಹಲ್ಲನ್ನು ಹಿಡಿದಿದ್ದ ಎಲುಬು ಸವೆದಿರುತ್ತದೆ. ಅದನ್ನು ಸವೆಸಿದ್ದು ಕೇವಲ ಕ್ರಿಮಿಗಳಲ್ಲ. ಬಹುಮಟ್ಟಿಗೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ.

ಹಲ್ಲು ಮತ್ತು ವಸಡು ಕೂಡುವ ಸಂದಿಯಲ್ಲಿ ಕ್ರಿಮಿಗಳು ಅಂಟುಪದರವಾಗಿ ನೆಲೆಸುತ್ತವೆ. ಅವನ್ನು ತಡೆಯಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹಗಲಿರುಳು ಅಲ್ಲಿಗೆ ಬರುತ್ತಲೇ ಇರುತ್ತವೆ. ಪದರ ದಪ್ಪವಾದಂತೆ ರಕ್ತನಾಳಗಳು ಹಿಗ್ಗಿ, ವಸಡು ಕೆಂಪಾಗಿ ಊದಿ, ಮುಟ್ಟಿದರೆ ರಕ್ತ ಒಸರುತ್ತದೆ. ಇದು ಮೊದಲ ಹಂತ.

ಪದರ ಅಲ್ಲಿಯೇ ಉಳಿದರೆ ಹಲವರಲ್ಲಿ ಹೋರಾಟ ಆಳಕ್ಕಿಳಿಯುತ್ತದೆ. ಕ್ರಿಮಿಗಳನ್ನು ಕೊಲ್ಲಲು ರಕ್ತಕಣಗಳು ಸುರಿಸುವ ಕಿಣ್ವಗಳು, ಹಲ್ಲನ್ನು ಎಲುಬಿಗೆ ಬಿಗಿದ ನಾರುಗಳನ್ನೂ ಕರಗಿಸುತ್ತವೆ. ಅಲ್ಲಿ ನೆರೆದ ಲಿಂಫೋಸೈಟ್‌ಗಳೆಂಬ ಇನ್ನೊಂದು ಬಗೆಯ ರಕ್ಷಕ ಕಣಗಳ ಸಂಕೇತದಿಂದ, ಎಲುಬನ್ನು ಕರಗಿಸುವ ಜೀವಕೋಶಗಳು ಹೆಚ್ಚುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಹೀಗೆ ಕರಗಿದ ಎಲುಬು ತಾನಾಗಿ ಮರಳಿ ಬೆಳೆಯದು.

ಮೊದಲ ಹಂತವಾದರೋ ಪೂರ್ಣ ಗುಣವಾಗುವಂಥದು. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 12 ಜನ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ವಾರದೊಳಗೆ ಸರಿಹೋಯಿತು.

ಸುಶ್ರುತ ಸಂಹಿತೆಯು ದಂತಮೂಲದ 15 ರೋಗಗಳನ್ನು ಹೇಳುತ್ತದೆ. ರಕ್ತ ಒಸರಿ, ದುರ್ಗಂಧ ಬೀರಿ, ವಸಡು ಮೆತ್ತಗಾಗುವುದು ಶೀತಾದ. ಹಲ್ಲು ಅಲುಗಾಡುವುದು ಉಪಕುಶದ ಲಕ್ಷಣ. ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸುವುದು ಹಿತಕರ. ಆದರೆ ಕಲ್ಲಿನಂತೆ ಗಟ್ಟಿಯಾದ ಕಿಟ್ಟವನ್ನು ಯಾವ ಕಷಾಯವೂ, ಯಾವ ಹಲ್ಲುಪುಡಿಯೂ ತೆಗೆಯಲಾರದೆಂಬುದನ್ನು ಆಯುರ್ವೇದ ವೈದ್ಯನಾಗಿಯೇ ಹೇಳಬೇಕಾಗಿದೆ. ಅದನ್ನು ದಂತವೈದ್ಯರಿಂದಲೇ ತೆಗೆಸಬೇಕು. ಹಾಗೆ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಎಲುಬು ಮೊದಲೇ ಸವೆದಿದ್ದರೆ, ಕಿಟ್ಟ ಹೋದಾಗ ಆ ಸಡಿಲತೆ ಅರಿವಿಗೆ ಬರುತ್ತದೆ, ಅಷ್ಟೆ.

ಮಧುಮೇಹವುಳ್ಳವರು ವಿಶೇಷ ಎಚ್ಚರ ವಹಿಸಬೇಕು. ಮಧುಮೇಹ ವಸಡಿನ ರೋಗವನ್ನು ಉಲ್ಬಣಿಸುತ್ತದೆ. ವಸಡಿನ ರೋಗ ಸಕ್ಕರೆಯ ಹತೋಟಿಯನ್ನು ಕೆಡಿಸುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ರೋಗವಿದ್ದರೂ ರಕ್ತ ಕಡಿಮೆ ಕಾಣುವುದರಿಂದ, ರಕ್ತ ಬಾರದೆಂದು ಅವರು ನಿಶ್ಚಿಂತರಾಗಲಾಗದು.

ಆದುದರಿಂದ ಸದ್ಭಕ್ತರು ರಕ್ತ ಬಂದ ಭಾಗವನ್ನು ಬಿಡದೆ, ಮೃದುವಾದ ಬ್ರಷ್ಷಿನಿಂದ ದಿನಕ್ಕೆರಡು ಬಾರಿ ಶುಚಿಗೊಳಿಸಬೇಕು. ಎರಡು ವಾರಗಳಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣುವುದೇ ಶ್ರೇಯಸ್ಕರ.