ಅವ್ವನ ಮಾತು ತಿದ್ದಬೇಡ

ರಾಯಚೂರು,
ಶುಕ್ರವಾರ ಸಂಜೆ

ಮುದ್ದಿನ ಸೊಸಿಗೆ ಸೋದರಮಾವನ ಆಶೀರ್ವಾದ.

ದೇವದುರ್ಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೀನು ಕೊಟ್ಟು ಕಳಿಸಿದ ಕಟ್ಟು ಮುಟ್ಟಿತು. 11 ಬರಹ. ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮೂರು ಸಂಜೆ ಓದಿದೆ. ನಿನ್ನ ಅತ್ತೆ ಎರಡು ಸಲ ಊಟಕ್ಕೆ ಕರೆದು ಸುಮ್ಮನಾದಳು. ಹಾಗಂತ ಎಲ್ಲವೂ ಚೆನ್ನಾಗಿವೆ ಅಂತಲ್ಲ.

ಗುಳೆ ಹೋಗುವ ಕತೆಯನ್ನೇ ತಗೋ. ಗಂಟುಮೂಟೆ ಕಟ್ಟಿಕೊಂಡು ಮಗ ಸೊಸೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಮುದುಕಿ ಮೊಮ್ಮಗನ ಕೈ ಹಿಡಿದು ಕೆಳಗೆ ನಿಂತಿದ್ದಾಳೆ. ಅಲ್ಲಿ ನೀನು ಮೊದಲು ಪೆನ್ಸಿಲಿನಲ್ಲಿ ‘ಮತ್ಯಾವಾಗ ಬರ್ತೀರೆಪ್ಪಾ’ ಅಂತ ಬರೆದಿದ್ದಿ. ಆಮೇಲೆ ಅದನ್ನು ಹೊಡೆದುಹಾಕಿ, ನೀಲಿ ಪೆನ್ನಿನಲ್ಲಿ ‘ಮತ್ತೆ ಯಾವಾಗ ಬರುತ್ತೀರಿ’ ಅಂತ ಮಾಡಿದ್ದಿ. ಯಾವುದೋ ಕಮ್ಮಟದಲ್ಲಿ ಯಾರೋ ‘ಎಲ್ಲರಿಗೂ ತಿಳಿಯುವ ಕನ್ನಡ ಬರಿ’ ಅಂದರಂತೆ. ಆ ನೀಲಿ ಪೆನ್ನು ಎಲ್ಲೆಲ್ಲಿ ಓಡಾಡಿದೆಯೋ ಅಲ್ಲೆಲ್ಲ ಮುದುಕಿ ಸರಕಾರಿ ಕಚೇರಿಯ ಗುಮಾಸ್ತೆಯ ಹಾಗೆ ಮಾತಾಡುತ್ತಾಳೆ. ಆ ‘ಎಪ್ಪಾ’ದಲ್ಲೇ ಇತ್ತಲ್ಲ ತಂಗಿ, ಅವಳ ಸಂಕಟವೆಲ್ಲ!

ನಮ್ಮ ಸೀಮೆಯ ಮಾತಿಗೆ ಕತೆಯ ತಾಕತ್ತು ಇಲ್ಲವೇನು? ಮಾನ್ವಿ ಸೀಮೆಯ ನುಗಡೋಣಿಯಿಂದ ಬಂದ ಅಮರೇಶ ನುಗಡೋಣಿಯವರ ‘ಸವಾರಿ’ ಓದು. ಊರಲ್ಲಿ ಸಾವಾದರೆ ಕನಸಿನಲ್ಲಿ ಸಿದ್ಧನನ್ನು ಕಾಣುವ, ಹೆಣ ಹೂಳುವ ಗುಂಡಿ ತೋಡುವವನ ಕತೆ. ಅದನ್ನೇ ಗಿರೀಶ ಕಾಸರವಳ್ಳಿಯವರು 2010ರಲ್ಲಿ ‘ಕನಸೆಂಬೋ ಕುದುರೆಯನೇರಿ’ ಅಂತ ಸಿನಿಮಾ ಮಾಡಿದರು. ದೂರ ಯಾಕೆ, ನಿನ್ನ ದೇವದುರ್ಗದ ಮಗ್ಗುಲಿಗೇ ಅರಕೇರಾ. ಅಲ್ಲಿಯ ಆರಿಫ್ ರಾಜಾ ‘ಜಂಗಮ ಫಕೀರನ ಜೋಳಿಗೆ’ ಕವಿತೆಗಳಿಗೆ 2012ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ತಂದರು. ಕತೆಗಾರರಿಗೆ ನಮ್ಮೂರು ಹೊಸದೂ ಅಲ್ಲ. 1934ರಲ್ಲಿ, ನಿಜಾಮನ ಕಾಲದಲ್ಲಿ, ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಕನ್ನಡದಲ್ಲಿ ಸಣ್ಣಕತೆ ಬರೆದ ಮೊದಲಿಗರಲ್ಲಿ ಒಬ್ಬರು. 2016ರಲ್ಲಿ ಸಮ್ಮೇಳನ ನಮ್ಮೂರಿಗೆ ಬಂದದ್ದನ್ನು ನೀನೇ ನೋಡಿದ್ದಿ, ಧೂಳು ಕುಡಿದು ಪುಸ್ತಕ ಹೊತ್ತುಕೊಂಡು ಬಂದಿದ್ದಿ.

ಇನ್ನು ನಿಮ್ಮವ್ವನ ಬಗ್ಗೆ ಬರೆದ ನಾಲ್ಕು. ಅವು ಕತೆಗಳಲ್ಲ, ನಡೆದದ್ದು. ಬರೀ ಹೆಸರು ಬದಲಿಸಿದ್ದಿ. ಬಳೆ ಮಾರಿದ್ದು, ಕಾಕಾನ ಸಂಗಡ ಹೊಲದ ಬದುವಿಗೆ ಜಗಳಾಡಿದ್ದು, ಓದಿದವರಿಗೆ ಯಾರೆಂದು ಗೊತ್ತಾಗದೇ ಇರುತ್ತದೇನು? ಕತೆ ಮಾಡುವುದಾದರೆ ಪೂರಾ ಕತೆ ಮಾಡು, ಅವಳನ್ನು ಬೇರೆ ಮನೆಗೆ, ಬೇರೆ ಊರಿಗೆ ಒಯ್ಯಿ. ನೆನಪೇ ಆಗಿ ಇಡುವುದಾದರೆ ನೆನಪು ಅಂತಲೇ ಬರಿ, ಆದರೆ ಅಚ್ಚಿಗೆ ಕೊಡುವ ಮೊದಲು ಒಲೆಯ ಮುಂದೆ ಕೂತು ಅಕ್ಕನಿಗೆ ಓದಿ ಹೇಳು. ಆಕೆಗೆ ಅಕ್ಷರ ಬರುವುದಿಲ್ಲ ಎಂಬ ಧೈರ್ಯದಲ್ಲಿ ನೀನು ಬರೆದಿದ್ದರೆ ಅದು ನನಗೆ ಸೇರುವುದಿಲ್ಲ.

ಪುಸ್ತಕ ಯಾವಾಗ ಅಂತ ಕೇಳಿದ್ದಿ. ನನ್ನದನ್ನು ಕೇಳು. 35 ವರ್ಷದ ಹಿಂದೆ ಸ್ವಂತ ದುಡ್ಡಿನಲ್ಲಿ 500 ಪ್ರತಿ ಹಾಕಿಸಿದೆ. ಅವಸರ ನೋಡು, ಪ್ರೂಫ್ ನೋಡಲಿಲ್ಲ. ಮೊಳೆ ಜೋಡಿಸುವವನು ನನ್ನ ‘ಉಡಿ’ಯನ್ನೆಲ್ಲ ‘ಉಡುಪಿ’ ಮಾಡಿಬಿಟ್ಟಿದ್ದ. ತವರಿಂದ ಹೊರಟ ಮಗಳಿಗೆ ತಾಯಿ ಅಳುತ್ತ ‘ಉಡುಪಿ ತುಂಬಿದಳು’! ಓದಿದ ಗೆಳೆಯರು ಒಂದು ವರ್ಷ ನಕ್ಕರು. ಉಳಿದ 300 ಪ್ರತಿಯನ್ನು ಮಂಚದ ಕೆಳಗೆ ಗೆದ್ದಲು ಓದಿತು.

ಈಗ ಹಾಗಿಲ್ಲ. ಮೊದಲು ಒಂದೆರಡು ಕತೆ ಪತ್ರಿಕೆಗಳಲ್ಲಿ ಬರಲಿ. ದೀಪಾವಳಿಯ ಕಥಾಸ್ಪರ್ಧೆಗೆ ಕಳಿಸು. ಒಂದೂ ಕಥಾಸಂಕಲನ ತರದವರ ಹಸ್ತಪ್ರತಿಗೆ ವಸುಧೇಂದ್ರರ ಛಂದ ಪುಸ್ತಕದವರು ಸ್ಪರ್ಧೆ ಇಡುತ್ತಾರೆ, ಗೆದ್ದದ್ದನ್ನು ಅವರೇ ಅಚ್ಚು ಹಾಕುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಸಹಾಯಧನ ಕೊಡುತ್ತದೆ. ‘ಇಷ್ಟು ಪ್ರತಿ ನೀವೇ ಕೊಳ್ಳಬೇಕು’ ಅನ್ನುವವರು ಸಿಕ್ಕರೆ ಕಾಗದದ ಮೇಲೆ ಬರೆಸಿಕೊಳ್ಳದೆ ಹೂಂ ಅನ್ನಬೇಡ. ನುಡಿಯಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಚೆಲ್ಲಾಪಿಲ್ಲಿಯಾಗುವುದುಂಟು. ಪ್ರೂಫನ್ನು ಕಾಗದದಲ್ಲೇ ತರಿಸಿ, ಜೋರಾಗಿ ಓದು.

ಮುನ್ನುಡಿಗೆ ಯಾರನ್ನು ಕೇಳಲಿ ಅಂದೆಯಲ್ಲ, ಆ ಸಾಲು ಓದಿ ನನಗೆ ಮಾನ್ವಿಯ ಜಗನ್ನಾಥದಾಸರ ನೆನಪಾಯಿತು. ದೊಡ್ಡ ಪಂಡಿತರು. ಚೀಕಲಪರ್ವಿಗೆ ವಿಜಯದಾಸರು ಕರೆದಾಗ, ಕನ್ನಡದಲ್ಲಿ ಹಾಡುವವರ ಪಂಕ್ತಿಗೆ ನಾನೇಕೆ ಎಂದು ಹೊಟ್ಟೆನೋವಿನ ನೆವ ಹೇಳಿದರಂತೆ. ನೆವವೇ ನಿಜವಾಗಿ ನರಳಿದರಂತೆ. ನಿಮ್ಮ ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ಆಯುಷ್ಯ ದಾನ ಮಾಡಿ ಬದುಕಿಸಿದರಂತೆ. ಅಂಕಿತ ಮಾತ್ರ ಪಂಢರಪುರದ ಚಂದ್ರಭಾಗಾ ನದಿಯಲ್ಲಿ ಮುಳುಗೆದ್ದಾಗ ಸಿಕ್ಕಿತು ಅಂತ ಹೇಳಿಕೆ. ಆಮೇಲೆ ಅದೇ ಪಂಡಿತರು ‘ಹರಿಕಥಾಮೃತಸಾರ’ವನ್ನು ಕನ್ನಡದಲ್ಲೇ ಬರೆದರು. ಪಂಡಿತರ ಮೆಚ್ಚಿಗೆಗೆ ಕಾಯಬೇಡ, ಮುನ್ನುಡಿ ಕಡೆಗೆ ನೋಡೋಣ ಬಿಡು.

ಕಟ್ಟನ್ನು ನಾಳೆ ಬೆಳಗಿನ ಬಸ್ಸಿಗೆ ಕಳಿಸುತ್ತೇನೆ. ನೀಲಿ ಪೆನ್ನಿದ್ದಲ್ಲೆಲ್ಲ ಮಗ್ಗುಲಲ್ಲಿ ಒಂದು ಚುಕ್ಕಿ ಇಟ್ಟಿದ್ದೇನೆ, ಮತ್ತೇನೂ ತಿದ್ದಿಲ್ಲ. ಗುಳೆಯ ಕತೆಯ ಕೊನೆಗೆ ಬಸ್ಸು ಹೊರಟ ಮೇಲೆ ಮುದುಕಿ ಸುಮ್ಮನೆ ನಿಂತಳು ಅಂತ ಬರೆದಿದ್ದಿ. ನಿಮ್ಮಜ್ಜಿ ಸುಮ್ಮನೆ ನಿಂತವಳಲ್ಲ, ಏನೋ ಅಂದಳು. ನಾನು ಬಸ್ಸಿನ ಒಳಗಿದ್ದೆ, ಕೇಳಿಸಲಿಲ್ಲ. ಅಕ್ಕ ಆಗ ಪಕ್ಕದಲ್ಲೇ ಇದ್ದಳು. ಕೇಳಿ ನೋಡು.

ನಿನ್ನ
ಮಾವ