ಸೊನ್ನೆಗಿಂತ ಕಡಿಮೆ ಮಳೆ ಬರುತ್ತದೆಯೇ?



ಜೂನ್ 29 ಸಂಖ್ಯಾಶಾಸ್ತ್ರ ದಿನ. 1893ರಲ್ಲಿ ಇದೇ ದಿನ ಪಿ. ಸಿ. ಮಹಾಲನೋಬಿಸ್ ಅವರು ಹುಟ್ಟಿದರು. ಅವರ ನೆನಪಿಗಾಗಿ 2007ರಿಂದ ಈ ದಿನವನ್ನು ಆಚರಿಸುತ್ತಾರೆ. ಆದ್ದರಿಂದ ನಮ್ಮ ಮನೆಯ ಒಂದು ಲೆಕ್ಕವನ್ನು ಇಲ್ಲಿ ಬರೆದಿದ್ದೇನೆ.

ನಮ್ಮದು ಸಣ್ಣ ರೊಬಸ್ಟಾ ತೋಟ. ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಹೋದ ಫೆಬ್ರವರಿಯಲ್ಲಿ ಅಪ್ಪ, "ಪಂಪ್‌ಸೆಟ್ಟಿಗೆ ಅಡ್ವಾನ್ಸ್ ಕೊಡೋದಾ, ಮಳೆ ಕಾಯೋದಾ?" ಅಂತ ಚಿಂತೆ ಮಾಡುತ್ತಿದ್ದರು. ಅಜ್ಜನ ಮಳೆ ಪುಸ್ತಕದಲ್ಲಿ ಹತ್ತು ವರ್ಷದ ಮಾರ್ಚ್ ಮಳೆ ಇತ್ತು. ಚಿಕ್ಕದರಿಂದ ದೊಡ್ಡದಕ್ಕೆ ಬರೆದರೆ:

20, 40, 50, 60, 80, 90, 110, 150, 200, 400 ಸೆಂಟು.

ನೂರು ಸೆಂಟು ಎಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್.

ಪ್ರಶ್ನೆ: ಮಾರ್ಚ್‌ನಲ್ಲಿ ಒಂದು ಇಂಚಿಗಿಂತ ಕಡಿಮೆ ಮಳೆ ಬರುವ ಸಂಭವ ಎಷ್ಟು?

ಡಿಗ್ರಿ ಓದುವ ಅಕ್ಕ ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟಿನಲ್ಲಿ 'ನಾರ್ಮ್‌ಡಿಸ್ಟ್' ಎಂಬ ಸೂತ್ರ ಹೇಳಿಕೊಟ್ಟಳು. ಅದಕ್ಕೆ ನಾಲ್ಕು ಕೊಡಬೇಕು: ನಮಗೆ ಬೇಕಾದ ಸಂಖ್ಯೆ (ಇಲ್ಲಿ 100), ಸರಾಸರಿ, ಮಾನಕ ವಿಚಲನೆ, ಕೊನೆಗೆ 'ಟ್ರೂ' ಅಥವಾ 'ಫಾಲ್ಸ್'. ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚೆದುರಿವೆ ಎಂಬ ಅಳತೆಯೇ ಮಾನಕ ವಿಚಲನೆ. ನನಗೆ ಮೂರು ಸಲ ತಪ್ಪು ಉತ್ತರ ಬಂತು.

ತಪ್ಪು 1: ಸರಾಸರಿ 89 ಬಂತು. ಕೈಯಲ್ಲಿ ಕೂಡಿ ಭಾಗಿಸಿದರೆ 120! ಕೊನೆಯ ಮನೆಯಲ್ಲಿ ನಾನು '400 ಸೆಂಟು' ಅಂತ ಅಕ್ಷರ ಸೇರಿಸಿ ಟೈಪ್ ಮಾಡಿದ್ದೆ. ಅಕ್ಷರ ಇದ್ದರೆ ಕಂಪ್ಯೂಟರ್ ಅದನ್ನು ಸಂಖ್ಯೆ ಅಂತ ತಿಳಿಯದೆ ಬಿಟ್ಟುಬಿಡುತ್ತದೆ. ಬರೀ 400 ಮಾಡಿದೆ.

ತಪ್ಪು 2: ಉತ್ತರ 0.0035 ಬಂತು. ಅಂದರೆ ಸಾವಿರಕ್ಕೆ ನಾಲ್ಕು ಸಲವೂ ಇಲ್ಲ. ನಾನು 'ಫಾಲ್ಸ್' ಹಾಕಿದ್ದೆ. ಅದು ಗಂಟೆಯಾಕಾರದ ರೇಖೆಗೆ ಆ ಜಾಗದಲ್ಲಿ ಎಷ್ಟು ಎತ್ತರ ಅಂತ ಹೇಳುತ್ತದೆ. 'ಟ್ರೂ' ಹಾಕಿದರೆ ಮಾತ್ರ ಅಲ್ಲಿಯವರೆಗಿನ ಒಟ್ಟು ಸಂಭವ ಸಿಗುತ್ತದೆ. ಹಾಕಿದೆ, 0.43 ಬಂತು.

ತಪ್ಪು 3: ನೂರಕ್ಕೆ 43 ಸಲ ಅಂತ ಆಯಿತು. ಆದರೆ ಪುಸ್ತಕದಲ್ಲಿ ಬೆರಳಲ್ಲಿ ಎಣಿಸಿದರೆ ಹತ್ತರಲ್ಲಿ ಆರು ವರ್ಷ ಕಡಿಮೆ! ಅಕ್ಕ, "100ರ ಬದಲು 0 ಹಾಕಿ ನೋಡು" ಅಂದಳು. 0.14 ಬಂತು. ಅಜ್ಜ ನಕ್ಕು, "ಸೊನ್ನೆಗಿಂತ ಕಡಿಮೆ ಮಳೆ ಅಂದ್ರೆ ನೆಲದ ನೀರು ಮೋಡಕ್ಕೆ ವಾಪಸ್ ಹೋಗ್ತದಾ ಮಗಾ?" ಅಂದರು. ಗಂಟೆಯಾಕಾರದ ರೇಖೆ ಎರಡು ಕಡೆಯೂ ಸಮನಾಗಿ ಇಳಿಯುತ್ತದೆ. ನಮ್ಮ ಮಳೆ ಹಾಗಿಲ್ಲ. ಒಂದು ಕಡೆ ಸೊನ್ನೆಗೆ ನಿಲ್ಲುತ್ತದೆ, ಇನ್ನೊಂದು ಕಡೆ 400ರವರೆಗೆ ಹೋಗಿದೆ. ಸೂತ್ರ ತಪ್ಪಲ್ಲ, ಅದು ನಮ್ಮ ಮಳೆಗೆ ಹೊಂದುವ ಸೂತ್ರವಲ್ಲ.

ಹತ್ತರಲ್ಲಿ ಆರು ಅಂತ ಅಪ್ಪ ಅಡ್ವಾನ್ಸ್ ಕೊಟ್ಟರು. ಆದರೆ ಮಾರ್ಚ್‌ನಲ್ಲಿ 131 ಸೆಂಟು ಮಳೆ ಬಂತು! ದುಡ್ಡು ಹೋಯಿತು ಅಂತ ನನಗೆ ಅಳು ಬಂತು. ಅಜ್ಜ, "ಹತ್ತರಲ್ಲಿ ನಾಕು ಸಲ ಬರ್ತದೆ ಅಂತ ನಿನ್ನ ಲೆಕ್ಕವೇ ಹೇಳಿತ್ತಲ್ಲ. ಹೂ ಚೆನ್ನಾಗಿ ಆಯ್ತು ಬಿಡು" ಅಂದು ಪುಸ್ತಕ ಕೊಟ್ಟರು. ಹನ್ನೊಂದನೆಯ ಸಾಲನ್ನು ನಾನೇ ಬರೆದೆ.

ಅಭ್ಯಾಸ: 131 ಸೇರಿಸಿ ಹನ್ನೊಂದು ವರ್ಷದ ಸರಾಸರಿ ಕಂಡುಹಿಡಿಯಿರಿ. ಮೊದಲು ಕೈಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿದ್ದಿ ಹೇಳಿ.

– 7ನೇ ತರಗತಿ